ಮುಂಬಯಿಯಲ್ಲಿ ಬಾಡಿಗೆ ಫ್ಲ್ಯಾಟ್: ಯಾವ ಲೈನು, ಯಾವ ಬಿಲ್ಡಿಂಗು, ಎಷ್ಟು ಡಿಪಾಸಿಟ್

ಕೆಲಸ ಸಿಕ್ಕಿ ಮುಂಬಯಿಗೆ ಬರುವವರು ಮೊದಲು ಕೇಳುವುದು ‘ಒನ್ ಬಿಎಚ್‌ಕೆಗೆ ಬಾಡಿಗೆ ಎಷ್ಟಾಗುತ್ತದೆ?’ ಎಂದು. ಉತ್ತರ ಸಿಕ್ಕರೂ ಅದರಿಂದ ಮನೆ ಆರಿಸಲು ಆಗುವುದಿಲ್ಲ. ಒಂದೇ ಬಾಡಿಗೆಯ ಎರಡು ಮನೆಗಳಿದ್ದರೆ ಒಂದು ಮನೆ ಆಟೊ, ಟ್ಯಾಂಕರ್ ನೀರು, ಬ್ರೋಕರೇಜ್ ಅಂತ ತಿಂಗಳಿಗೆ ಎರಡು ಮೂರು ಸಾವಿರ ಹೆಚ್ಚಿಗೆ ತಿನ್ನುತ್ತದೆ. ಇನ್ನೊಂದು ದಿನಕ್ಕೆ ಒಂದು ಗಂಟೆ ತಿನ್ನುತ್ತದೆ. ಆದ್ದರಿಂದ ಮನೆ ಹೋಲಿಸುವಾಗ ಕೈಬಿಟ್ಟು ಹೋಗುವ ದುಡ್ಡು, ಡಿಪಾಸಿಟ್‌ನಲ್ಲಿ ಸಿಕ್ಕಿಕೊಳ್ಳುವ ದುಡ್ಡು, ಓಡಾಟಕ್ಕೆ ಹೋಗುವ ಹೊತ್ತು, ಈ ಮೂರನ್ನೂ ಪಕ್ಕಪಕ್ಕ ಬರೆದಿಡಬೇಕು. ಜಾಹೀರಾತಿನಲ್ಲಿ ಕಾಣುವುದು ಮೊದಲನೆಯದರ ಒಂದು ಭಾಗ ಮಾತ್ರ.

ಮೊದಲು ಲೈನು, ಆಮೇಲೆ ಮನೆ

ಆಫೀಸ್ ಎಲ್ಲಿ ಎಂಬುದೇ ಲೋಕಲ್ ರೈಲಿನ ಲೈನನ್ನು ತೀರ್ಮಾನಿಸುತ್ತದೆ. ಲೋಕಲ್ ಒಂದು ಸಲ ಬದಲಿಸಬೇಕಾಗಿ ಬಂದರೆ ನಡೆದಾಡುವ ಸೇತುವೆ, ಜನಸಂದಣಿ, ತಪ್ಪಿದ ಗಾಡಿ ಎಲ್ಲ ಸೇರಿ ಹದಿನೈದು ನಿಮಿಷ ಹೋಯಿತು ಎಂದೇ ಹಿಡಿಯಿರಿ. ಎರಡು ಸಲ ಬದಲಿಸಬೇಕಾದ ಮನೆಯನ್ನು ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಪಟ್ಟಿಯಿಂದ ತೆಗೆದುಬಿಡುವುದು ಒಳ್ಳೆಯದು.

ಸೆಂಟ್ರಲ್ ಲೈನಿನಲ್ಲಿ ಮುಲುಂಡ್, ಠಾಣೆ, ಡೊಂಬಿವಲಿ, ಕಲ್ಯಾಣ್. ದಾದರ್, ಪರೇಲ್, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಕಡೆಗೆ ಹೋಗುವವರಿಗೆ ಇದು ನೇರ. ಪವಾಯಿಗೆ ಕಾಂಜೂರ್‌ಮಾರ್ಗದಲ್ಲಿ ಇಳಿದು ಬಸ್ಸೋ ಆಟೊವೋ ಹಿಡಿದರಾಯಿತು. ಘಾಟ್‌ಕೋಪರ್‌ನಲ್ಲಿ ಇಳಿದರೆ ಅಂಧೇರಿಗೆ ಮೆಟ್ರೊ ಇದೆ. ಠಾಣೆ, ಡೊಂಬಿವಲಿಗಳಲ್ಲಿ ಫಾಸ್ಟ್ ಲೋಕಲ್, ಅಂದರೆ ಮುಖ್ಯ ಸ್ಟೇಷನ್‌ಗಳಲ್ಲಷ್ಟೇ ನಿಲ್ಲುವ ಗಾಡಿ, ನಿಲ್ಲುತ್ತದೆ. ಮುಲುಂಡ್‌ನಲ್ಲಿ ಕೆಲವು ಮಾತ್ರ ನಿಲ್ಲುತ್ತವೆ. ನಕಾಶೆಯಲ್ಲಿ ಮುಲುಂಡ್ ಹತ್ತಿರ ಕಂಡರೂ ಸ್ಲೋ ಗಾಡಿಯಲ್ಲಿ ಆ ಲಾಭ ಅರ್ಧ ಕರಗುತ್ತದೆ. ಡೊಂಬಿವಲಿಯ ತೊಂದರೆ ಬೇರೆ. ಬೆಳಿಗ್ಗೆ ಎಂಟರ ಫಾಸ್ಟ್‌ಗೆ ಹತ್ತುವುದೇ ಒಂದು ಕಸರತ್ತು. ಅಲ್ಲಿಂದಲೇ ಹೊರಡುವ ಲೋಕಲ್‌ಗಳ ಸಮಯ ನಿಮ್ಮ ಆಫೀಸಿನ ಸಮಯಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಿ. ಸೀಟು ಸಿಗುವುದಾದರೆ ಒಂದು ಗಂಟೆಯ ಪ್ರಯಾಣವೂ ಬೇರೆಯೇ ಅನುಭವ. ಠಾಣೆ, ಬೋರಿವಲಿ, ವಿರಾರ್, ವಾಶಿ, ಪನ್ವೇಲ್‌ಗಳಿಂದಲೂ ಹೀಗೆ ಅಲ್ಲಿಂದಲೇ ಹೊರಡುವ ಗಾಡಿಗಳಿವೆ.

ವೆಸ್ಟರ್ನ್ ಲೈನು ಬಾಂದ್ರಾ, ಅಂಧೇರಿ, ಗೋರೆಗಾಂವ್‌ಗಳ ಆಫೀಸಿನವರಿಗೆ. ಬೋರಿವಲಿಯಾಚೆ ಮೀರಾ ರೋಡ್, ವಸಾಯಿ, ನಾಲಾಸೋಪಾರಾ ಎಂದು ಬಾಡಿಗೆ ಇಳಿಯುತ್ತ ಹೋಗುತ್ತದೆ. ವಿರಾರ್ ಗಾಡಿಯ ನೂಕುನುಗ್ಗಲು ಹೆಸರುವಾಸಿ. ಮೀರಾ ರೋಡ್‌ನಲ್ಲಿ ಮನೆ ಮಾಡಿ ವಿರಾರ್ ಫಾಸ್ಟ್ ಹತ್ತುತ್ತೇನೆ ಎಂಬ ಲೆಕ್ಕ ಹಾಕಬೇಡಿ. ದಹಿಸರ್‌ನಿಂದ ಅಂಧೇರಿಯವರೆಗೆ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಮೆಟ್ರೊ ಬಂದ ಮೇಲೆ ದಹಿಸರ್, ಕಾಂದಿವಲಿ, ಮಲಾಡ್‌ಗಳಲ್ಲಿ ರೈಲ್ವೆ ಸ್ಟೇಷನ್‌ನಿಂದ ದೂರದ ಬಿಲ್ಡಿಂಗುಗಳೂ ಉಪಯೋಗಕ್ಕೆ ಬಂದಿವೆ. 2025ರ ಅಕ್ಟೋಬರ್‌ನಲ್ಲಿ ಆರೆಯಿಂದ ಕಫ್ ಪರೇಡ್‌ವರೆಗೆ ಪೂರ್ತಿ ತೆರೆದ ಮೆಟ್ರೊದ ಮೂರನೇ ಮಾರ್ಗ ಸೀಪ್ಜ್ ರಫ್ತು ವಲಯ, ಬಿಕೆಸಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್), ವರಳಿಗಳನ್ನು ಒಂದೇ ಗೆರೆಗೆ ತಂದಿದೆ. ಅದರ ಸ್ಟೇಷನ್ ಹತ್ತಿರದ ಬಾಡಿಗೆಯೂ ಆ ಸುದ್ದಿಯನ್ನು ಬಲ್ಲದು.

ಹಾರ್ಬರ್ ಲೈನಿನಲ್ಲಿ ಚೆಂಬೂರ್, ವಾಶಿ, ನೆರುಳ್, ಖಾರ್ಘರ್, ಪನ್ವೇಲ್. ಇಲ್ಲಿ ಎಲ್ಲ ಗಾಡಿಯೂ ಸ್ಲೋ. ಪನ್ವೇಲ್‌ನಿಂದ ಸಿಎಸ್‌ಎಂಟಿಗೆ ಸುಮಾರು 80 ನಿಮಿಷ. ಆದರೆ ನವಿ ಮುಂಬಯಿಯಲ್ಲಿ ಅದೇ ದುಡ್ಡಿಗೆ ಅಗಲವಾದ ರಸ್ತೆ, ದೊಡ್ಡ ಕೋಣೆ ಸಿಗುತ್ತವೆ. ನವಿ ಮುಂಬಯಿ ಮಹಾನಗರಪಾಲಿಕೆಗೆ ಸ್ವಂತದ ಮೊರ್ಬೆ ಅಣೆಕಟ್ಟು ಇರುವುದರಿಂದ ಅದರ ವ್ಯಾಪ್ತಿಯ ವಾಶಿ, ನೆರುಳ್‌ಗಳಲ್ಲಿ ನೀರಿನ ತಾಪತ್ರಯವೂ ಹೋಲಿಕೆಯಲ್ಲಿ ಕಡಿಮೆ. ಐರೋಳಿ, ಘಣಸೋಳಿಯ ಐಟಿ ಆಫೀಸಿಗೆ ಹೋಗುವವರು ಠಾಣೆಯಲ್ಲೋ ನೆರುಳ್‌ನಲ್ಲೋ ಮನೆ ಮಾಡಿದರೆ ಟ್ರಾನ್ಸ್ ಹಾರ್ಬರ್ ಗಾಡಿಯಲ್ಲಿ ಮುಂಬಯಿಯ ಜನಜಂಗುಳಿಯನ್ನು ಮುಟ್ಟದೆಯೇ ಹೋಗಿಬರಬಹುದು.

ನಮ್ಮ ಕನ್ನಡದವರಿಗೆ ಇನ್ನೊಂದು ಲೆಕ್ಕವಿದೆ. ಮಂಗಳೂರಿನ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಟು ಠಾಣೆ, ಪನ್ವೇಲ್‌ಗಳಲ್ಲಿ ನಿಲ್ಲುತ್ತದೆ. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣದಲ್ಲಿ ನಿಲ್ಲುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಮಕ್ಕಳನ್ನೂ ಚೀಲಗಳನ್ನೂ ಹೊತ್ತು ಊರಿಗೆ ಹೋಗುವ ಕುಟುಂಬಕ್ಕೆ ಮೀರಾ ರೋಡ್‌ಗಿಂತ ಠಾಣೆ, ಡೊಂಬಿವಲಿ, ನೆರುಳ್ ಅನುಕೂಲ. ಮಾಟುಂಗಾದ ಆಸೆ ಎಲ್ಲರಿಗೂ ಇರುತ್ತದೆ. ಮೈಸೂರು ಅಸೋಸಿಯೇಷನ್, ಬಾಳೆಲೆ ಮಲ್ಲಿಗೆ ಸಿಗುವ ಮಾರ್ಕೆಟ್, ಉಡುಪಿ ಹೋಟೆಲುಗಳು ಎಲ್ಲ ನಡಿಗೆಯ ದೂರದಲ್ಲಿ. ಪಕ್ಕದ ವಡಾಲಾದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆಯೂ ಇದೆ. ಆದರೆ ಅಲ್ಲಿನ ಬಾಡಿಗೆಗೆ ಡೊಂಬಿವಲಿಯಲ್ಲಿ ಒಂದು ಕೋಣೆ ಹೆಚ್ಚಿನ ಮನೆ ಸಿಕ್ಕಿ ದುಡ್ಡೂ ಉಳಿಯುತ್ತದೆ. ಮಾಟುಂಗಾಕ್ಕೆ ವಾರಕ್ಕೊಮ್ಮೆ ತರಕಾರಿ ತರಲು ಹೋದರೂ ಸಾಕು.

ತಿಂಗಳ ನಿಜವಾದ ಖರ್ಚು

ಲೆಕ್ಕ ಹಾಕುವ ಬಗೆ ತಿಳಿಯಲು ಒಂದು ಉದಾಹರಣೆ. ಅಂಕಿಗಳು ಹೋಲಿಕೆಗಾಗಿ ಇಟ್ಟುಕೊಂಡವು. ನೀವು ನೋಡಿದ ಮನೆಗಳ ಅಂಕಿಗಳನ್ನು ಅಲ್ಲಿ ಹಾಕಿಕೊಳ್ಳಿ.

ಡೊಂಬಿವಲಿಯ ಮನೆಗೆ ಬಾಡಿಗೆ 24,000, ಡಿಪಾಸಿಟ್ 75,000, ಸ್ಟೇಷನ್‌ಗೆ ಶೇರ್ ಆಟೊ. ಮುಲುಂಡ್‌ನ ಮನೆಗೆ ಬಾಡಿಗೆ 32,000, ಡಿಪಾಸಿಟ್ 1,50,000, ಸ್ಟೇಷನ್‌ಗೆ ಎಂಟು ನಿಮಿಷದ ನಡಿಗೆ. ಎರಡಕ್ಕೂ ಬ್ರೋಕರೇಜ್ ಒಂದು ತಿಂಗಳ ಬಾಡಿಗೆ, ಒಪ್ಪಂದ 11 ತಿಂಗಳು. ಬ್ರೋಕರೇಜನ್ನು 11ರಿಂದ ಭಾಗಿಸಿ ತಿಂಗಳಿಗೆ ಹಂಚಿ: ಡೊಂಬಿವಲಿಗೆ 2,182, ಮುಲುಂಡ್‌ಗೆ 2,909. ಡಿಪಾಸಿಟ್ ಬ್ಯಾಂಕಿನಲ್ಲಿದ್ದರೆ ವರ್ಷಕ್ಕೆ ಶೇ. 7 ಬಡ್ಡಿ ಬರುತ್ತಿತ್ತು ಎಂದು ಹಿಡಿದರೆ ತಿಂಗಳಿಗೆ ಕ್ರಮವಾಗಿ 438 ಮತ್ತು 875 ನಷ್ಟ. ಡೊಂಬಿವಲಿಗೆ ದಿನಕ್ಕೆರಡು ಸಲ 20 ರೂಪಾಯಿಯ ಶೇರ್ ಆಟೊ, 25 ದಿನಕ್ಕೆ 1,000. ಒಟ್ಟು ಡೊಂಬಿವಲಿ 27,620, ಮುಲುಂಡ್ 35,784. ವ್ಯತ್ಯಾಸ 8,164. ಲೋಕಲ್ ಪಾಸಿನ ವ್ಯತ್ಯಾಸ ಇದರ ಮುಂದೆ ಚಿಲ್ಲರೆ.

ಈಗ ಹೊತ್ತು. ಆಟೊ ಸರದಿ, ಹೆಚ್ಚಿನ ರೈಲುದೂರ ಸೇರಿ ದಾದರ್ ಕಡೆಯ ಆಫೀಸಿಗೆ ಡೊಂಬಿವಲಿಯಿಂದ ಒಂದು ದಿಕ್ಕಿಗೆ ಅರ್ಧ ಗಂಟೆ ಹೆಚ್ಚು ಎಂದುಕೊಳ್ಳಿ. ತಿಂಗಳಿಗೆ 25 ಗಂಟೆ. 8,164ನ್ನು 25ರಿಂದ ಭಾಗಿಸಿದರೆ ಗಂಟೆಗೆ ಸುಮಾರು 327 ರೂಪಾಯಿ. ಮುಲುಂಡ್‌ನಲ್ಲಿ ಇರುವುದೆಂದರೆ ಆ ದರದಲ್ಲಿ ಹೊತ್ತು ಕೊಂಡುಕೊಂಡ ಹಾಗೆ. ಮನೆಯಲ್ಲಿ ಒಬ್ಬರೇ ದುಡಿಯುವವರಿದ್ದು ಸಂಬಳ ಬಿಗಿಯಾಗಿದ್ದರೆ ಇದು ದುಬಾರಿ. ಗಂಡ ಹೆಂಡತಿ ಇಬ್ಬರೂ ಅದೇ ದಿಕ್ಕಿಗೆ ಹೋಗುವವರಾದರೆ ಆಟೊ ಖರ್ಚು ಇನ್ನೊಂದು ಸಾವಿರ ಏರಿ ವ್ಯತ್ಯಾಸ 7,164ಕ್ಕೆ ಇಳಿಯುತ್ತದೆ. ಉಳಿಯುವ ಹೊತ್ತು 50 ಗಂಟೆ. ಗಂಟೆಗೆ 143 ರೂಪಾಯಿ. ಆಗ ಮುಲುಂಡೇ ಅಗ್ಗ. ಅವೇ ಎರಡು ಮನೆಗಳು, ದುಡಿಯುವವರ ಸಂಖ್ಯೆ ಬದಲಾದ ಕೂಡಲೇ ಉತ್ತರ ತಲೆಕೆಳಗಾಯಿತು.

ಈ ಲೆಕ್ಕಕ್ಕೆ ಇನ್ನೂ ಸೇರಬೇಕಾದದ್ದು: ಮೆಂಟೆನನ್ಸ್ ಬಾಡಿಗೆಯೊಳಗೋ ಹೊರಗೋ, ಪಾರ್ಕಿಂಗ್ ಶುಲ್ಕ, ಸಾಮಾನು ಒಳತರುವಾಗ ಸೊಸೈಟಿ (ಬಿಲ್ಡಿಂಗಿನ ಮನೆಮಾಲೀಕರ ಸಹಕಾರ ಸಂಘ) ಕೇಳುವ ಹಣ. ಬಾಡಿಗೆಗೆ ಕೊಟ್ಟ ಮನೆಯ ಮೇಲೆ ಸೊಸೈಟಿ ಹಾಕುವ ನಾನ್ ಆಕ್ಯುಪೆನ್ಸಿ ಶುಲ್ಕ ಸೇವಾ ಶುಲ್ಕದ ಶೇ. 10ನ್ನು ಮೀರಬಾರದೆಂದು ಮಹಾರಾಷ್ಟ್ರ ಸರಕಾರ 2001ರಲ್ಲೇ ಆದೇಶಿಸಿದೆ. ಸೊಸೈಟಿಯ ಸದಸ್ಯ ಮಾಲೀಕ, ಆದ್ದರಿಂದ ಅದನ್ನು ಕಟ್ಟಬೇಕಾದವನೂ ಅವನೇ. ಅದನ್ನು ನಿಮ್ಮ ಬಿಲ್ಲಿಗೆ ಸೇರಿಸುವವರು ಇದ್ದಾರೆ.

ಹೆವಿ ಡಿಪಾಸಿಟ್ ಎಂಬ ಆಮಿಷ

ಮುಂಬಯಿಗೆ ಹೊಸಬರಾದವರಿಗೆ ಇದು ವಿಚಿತ್ರ ಅನ್ನಿಸಬಹುದು. ಹತ್ತು ಹದಿನೈದು ಲಕ್ಷ ಒಮ್ಮೆಗೇ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಮನೆ ಬಿಡುವಾಗ ಹಣ ವಾಪಸು. 15 ಲಕ್ಷಕ್ಕೆ ಶೇ. 7ರಂತೆ ವರ್ಷಕ್ಕೆ 1,05,000 ಬಡ್ಡಿ ಹೋಯಿತು, ತಿಂಗಳಿಗೆ 8,750. ಅಂಥದೇ ಮನೆಗೆ 25,000 ಬಾಡಿಗೆಯಿದ್ದರೆ ಲೆಕ್ಕದಲ್ಲಿ ನೀವೇ ಗೆದ್ದಿರಿ. ಮಾಲೀಕ ಇಷ್ಟು ನಷ್ಟಕ್ಕೆ ಯಾಕೆ ಒಪ್ಪುತ್ತಾನೆ ಎಂಬುದನ್ನು ಅಲ್ಲೇ ಕೇಳಿಕೊಳ್ಳಬೇಕು. ಬಹಳ ಸಲ ಅವನಿಗೆ ಬ್ಯಾಂಕಿನಿಂದ ಸಿಗದ ದುಡ್ಡು ಬೇಕಾಗಿರುತ್ತದೆ. ಆ ದುಡ್ಡು ವ್ಯಾಪಾರಕ್ಕೋ ಹಳೆ ಸಾಲಕ್ಕೋ ಹೋಗುತ್ತದೆ. ನೀವು ಬಿಡುವ ದಿನ ಮುಂದಿನ ಬಾಡಿಗೆದಾರನ ಡಿಪಾಸಿಟ್ ಬಂದರೆ ಮಾತ್ರ ನಿಮಗೆ ವಾಪಸು. ಮನೆಯ ಮೇಲೆ ಸಾಲವಿದ್ದು ಬ್ಯಾಂಕ್ ಜಪ್ತಿಗೆ ಬಂದರೆ ನಿಮ್ಮ 15 ಲಕ್ಷವನ್ನು ತೋರಿಸಿ ಮನೆ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ನಡುವಿನವನ ಆಟ. ಒಬ್ಬ ಮಾಲೀಕನಿಂದ ತಿಂಗಳ ಬಾಡಿಗೆಗೆ ಮನೆ ಪಡೆಯುತ್ತಾನೆ, ತಾನೇ ಮಾಲೀಕನೆಂದು ಇನ್ನೊಬ್ಬರಿಗೆ ಹೆವಿ ಡಿಪಾಸಿಟ್‌ಗೆ ಕೊಡುತ್ತಾನೆ, ಕೆಲವು ತಿಂಗಳು ಬಾಡಿಗೆ ಕಟ್ಟಿ ಮಾಯವಾಗುತ್ತಾನೆ. ಇದಕ್ಕೆ ಪರಿಹಾರ ದಾಖಲೆ. ನೋಂದಾಯಿತ ಖರೀದಿ ಪತ್ರದ ಇಂಡೆಕ್ಸ್ ಟು (ನೋಂದಣಿ ಕಚೇರಿ ಕೊಡುವ ಸಾರಾಂಶ ಪ್ರತಿ), ಸೊಸೈಟಿಯ ಷೇರ್ ಸರ್ಟಿಫಿಕೇಟ್, ಈ ತಿಂಗಳ ಮೆಂಟೆನನ್ಸ್ ಬಿಲ್, ಎಲ್ಲದರಲ್ಲೂ ಒಂದೇ ಹೆಸರು. ಆಮೇಲೆ ಸೊಸೈಟಿ ಆಫೀಸಿಗೆ ಹೋಗಿ ಆ ಹೆಸರಿನ ಮಾಲೀಕನನ್ನು ಅವರು ಕಂಡಿದ್ದಾರೆಯೇ ಎಂದು ಕೇಳುವುದು. ಹಣ ಬ್ಯಾಂಕಿನ ಮೂಲಕ ಅದೇ ಹೆಸರಿನ ಖಾತೆಗೇ ಹೋಗಬೇಕು. ಪೂರ್ತಿ ಮೊತ್ತ ನೋಂದಾಯಿತ ಒಪ್ಪಂದದಲ್ಲಿ ಬರಬೇಕು. ‘ಅರ್ಧ ಕ್ಯಾಶ್ ಕೊಡಿ’ ಎಂದರೆ ಎದ್ದು ಬನ್ನಿ. ನಮ್ಮ ಅಭಿಪ್ರಾಯದಲ್ಲಿ ಪರಿಚಯದ ಮಾಲೀಕನಲ್ಲದಿದ್ದರೆ ಮೂರರಿಂದ ಆರು ತಿಂಗಳ ಬಾಡಿಗೆಯಷ್ಟು ಮಾಮೂಲಿ ಡಿಪಾಸಿಟ್ಟೇ ಸಾಕು.

ಯಾವ ಬಗೆಯ ಬಿಲ್ಡಿಂಗು

ಹಳೆಯ ನಾಲ್ಕು ಮಹಡಿಯ ಸೊಸೈಟಿಯಲ್ಲಿ ಕೋಣೆಗಳು ನಿಜಕ್ಕೂ ದೊಡ್ಡವು, ಮೆಂಟೆನನ್ಸ್ ಕಡಿಮೆ, ಲಿಫ್ಟ್ ಇರಲಿಕ್ಕಿಲ್ಲ. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ರೀಡೆವಲಪ್‌ಮೆಂಟ್, ಅಂದರೆ ಕೆಡವಿ ಹೊಸದಾಗಿ ಕಟ್ಟುವ ಕೆಲಸ, ಯಾವ ಹಂತದಲ್ಲಿದೆ ಎಂದು. ಬಿಲ್ಡರ್ ಜತೆ ಒಪ್ಪಂದವಾದರೆ ಬೇರೆಡೆ ಇರಲು ಸಿಗುವ ಬಾಡಿಗೆ ಹಣ ಮಾಲೀಕನಿಗೆ, ಖಾಲಿ ಮಾಡುವ ನೋಟಿಸ್ ನಿಮಗೆ. ಬ್ರೋಕರ್ ಇದನ್ನು ಹೇಳುವುದಿಲ್ಲ. ಕೆಳಗಿನ ನೋಟಿಸ್ ಬೋರ್ಡ್ ಹೇಳುತ್ತದೆ. ಅಲ್ಲಿ ಸಭೆಯ ವಿಷಯಪಟ್ಟಿ, ನೀರು ನಿಲ್ಲುವ ಸಮಯ, ಬಾಕಿದಾರರ ಹೆಸರು ಎಲ್ಲ ಅಂಟಿಸಿರುತ್ತಾರೆ. ಮನೆ ನೋಡುವ ಮೊದಲು ಐದು ನಿಮಿಷ ಅಲ್ಲಿ ನಿಂತು ಓದಿ. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ, ಅದರ ವರದಿ ಏನಾಯಿತು ಎಂದು ಸೊಸೈಟಿಯನ್ನು ಕೇಳಿ. ಸಿ-1 ವರ್ಗಕ್ಕೆ ಬಿದ್ದಿದ್ದರೆ ಅದು ಖಾಲಿ ಮಾಡಿ ಕೆಡವಬೇಕಾದ ಕಟ್ಟಡ.

ಹೊಸ ಟವರಿನಲ್ಲಿ ಲಿಫ್ಟ್, ಜನರೇಟರ್, ಜಿಮ್ ಎಲ್ಲ ಉಂಟು, ಆದರೆ ಅಳತೆಯಲ್ಲಿ ಮೋಸ ಹೋಗುವುದೂ ಅಲ್ಲೇ. ಜಾಹೀರಾತಿನ 650 ಚದರಡಿ ಸೂಪರ್ ಬಿಲ್ಟಪ್ ಆಗಿದ್ದರೆ ಅದರಲ್ಲಿ ಲಾಬಿ, ಮೆಟ್ಟಿಲು ಎಲ್ಲ ಸೇರಿರುತ್ತವೆ. ಕಾರ್ಪೆಟ್ ಏರಿಯಾ ಎಷ್ಟೆಂದು ಕೇಳಿ. ಟೇಪ್ ಹಿಡಿದು ಬೆಡ್‌ರೂಮ್, ಫ್ರಿಜ್ ಇಡುವ ಜಾಗ, ಬಾಗಿಲಿನ ಅಗಲ ಅಳೆಯಿರಿ. ಮಂಚ ಹಾಕಿದ ಮೇಲೆ ಕಪಾಟಿನ ಬಾಗಿಲು ತೆರೆಯದ ಬೆಡ್‌ರೂಮುಗಳು ಇಲ್ಲಿ ಬೇಕಾದಷ್ಟಿವೆ. ಕಟ್ಟಡಕ್ಕೆ ಓಸಿ, ಅಂದರೆ ವಾಸಕ್ಕೆ ಪಾಲಿಕೆಯ ಅನುಮತಿ ಪತ್ರ, ಸಿಕ್ಕಿದೆಯೇ ಎಂಬುದೂ ಮುಖ್ಯ. ಇಲ್ಲದಿದ್ದರೆ ನೀರಿಗೆ ಹೆಚ್ಚಿನ ದರ, ಟ್ಯಾಂಕರ್ ಅವಲಂಬನೆ.

ಎಸ್‌ಆರ್‌ಎ (ಕೊಳೆಗೇರಿ ಪುನರ್ವಸತಿ ಪ್ರಾಧಿಕಾರ) ಯೋಜನೆಯ ಪುನರ್ವಸತಿ ಕಟ್ಟಡಗಳಲ್ಲಿ ಬಾಡಿಗೆ ಕಡಿಮೆಯಾಗಲು ಕಾರಣವಿದೆ. ಗುಡಿಸಲುವಾಸಿಗಳಿಗೆ ಉಚಿತವಾಗಿ ಕೊಟ್ಟ ಆ ಮನೆಗಳನ್ನು ಪರಭಾರೆ ಮಾಡಲು ನಿರ್ಬಂಧಗಳಿವೆ. ತಪಾಸಣೆಗೆ ಬಂದಾಗ ಒಳಗಿರುವವರ ಹೆಸರು ಪಟ್ಟಿಯಲ್ಲಿಲ್ಲದಿದ್ದರೆ ತೊಂದರೆ ಅವರಿಗೇ. ಪಗಡಿ ಮನೆ, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಹಳೆಯ ಬಾಡಿಗೆ ಹಕ್ಕು ಪಡೆದ ಮನೆಯೂ ಹಾಗೆಯೇ, ನಿಮಗೆ ಕೊಡುವವನೇ ಇನ್ನೊಬ್ಬರ ಬಾಡಿಗೆದಾರ. ಎರಡನ್ನೂ ಬಿಡಿ.

ಸಸ್ಯಾಹಾರಿಗಳಿಗೆ ಮಾತ್ರ, ಬ್ಯಾಚುಲರ್‌ಗಳಿಗೆ ಇಲ್ಲ ಎನ್ನುವ ಸೊಸೈಟಿಗಳು ಘಾಟ್‌ಕೋಪರ್, ಮುಲುಂಡ್, ಬೋರಿವಲಿಗಳಲ್ಲಿ ಸಾಕಷ್ಟಿವೆ. ಮನೆಯಲ್ಲಿ ಬಂಗುಡೆ ಕರಿಯುವವರು ಇದನ್ನು ಫೋನಿನಲ್ಲೇ ಕೇಳಿಬಿಡುವುದು ವಾಸಿ. ಮುಚ್ಚಿಟ್ಟು ಸೇರಿಕೊಂಡರೆ ವಾಸನೆ ಮುಚ್ಚಿಡಲಾಗುವುದಿಲ್ಲ.

ನೋಡಲು ಹೋದಾಗ

ಮಳೆಗಾಲದಲ್ಲಿ ಮನೆ ನೋಡುವವರು ಅದೃಷ್ಟವಂತರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಗೋಡೆಯೂ ಸುಳ್ಳು ಹೇಳುವುದಿಲ್ಲ. ಉಳಿದ ತಿಂಗಳುಗಳಲ್ಲಿ ಹೊಸ ಬಣ್ಣದ ಕೆಳಗೆ ಹುಡುಕಬೇಕು. ನೆಲದಿಂದ ಒಂದಡಿ ಎತ್ತರದವರೆಗೆ ಬಣ್ಣ ಉಬ್ಬಿದೆಯೇ, ಬಾತ್‌ರೂಮಿನ ಹಿಂದಿನ ಗೋಡೆ ಕೈಗೆ ತಣ್ಣಗಿದೆಯೇ, ಛಾವಣಿಯಲ್ಲಿ ಹಳದಿ ಉಂಗುರಗಳಿವೆಯೇ ನೋಡಿ. ಕಪಾಟಿನ ಬಾಗಿಲು ತೆರೆದು ಮೂಸಿ. ಬೂಷ್ಟಿನ ವಾಸನೆ ಬಣ್ಣಕ್ಕೆ ಮುಚ್ಚುವುದಿಲ್ಲ. ಕೊನೆಯ ಮಹಡಿಯಾದರೆ ಟೆರೇಸಿಗೆ ಹತ್ತಿ ವಾಟರ್‌ಪ್ರೂಫಿಂಗ್ ಆಗಿದೆಯೇ ಕಾಣಿ. ಮಳೆಗಾಳಿ ಬೀಸುವುದು ನೈಋತ್ಯದಿಂದ. ಪಶ್ಚಿಮಕ್ಕೆ ಮುಖವಿರುವ ದೊಡ್ಡ ಕಿಟಕಿ ಬೇಸಿಗೆಯಲ್ಲಿ ಗಾಳಿ ತಂದರೂ ಜುಲೈಯಲ್ಲಿ ಹಾಸಿಗೆಗೆ ನೀರು ತರುತ್ತದೆ. ಕಿಟಕಿಯ ಮೇಲೆ ಚಜ್ಜಾ ಇದೆಯೇ, ಚೌಕಟ್ಟಿನ ಸುತ್ತ ಸಿಮೆಂಟ್ ಬಿರುಕು ಬಿಟ್ಟಿದೆಯೇ ಗಮನಿಸಿ. ಮೇಲಿನ ಮನೆಯ ಬಾತ್‌ರೂಮಿನಿಂದ ಸೋರುವುದು ಬಗೆಹರಿಯುವುದು ಕಷ್ಟ, ಏಕೆಂದರೆ ನಿಮ್ಮ ಮಾಲೀಕ ದುಡ್ಡು ಕೊಡಲು ಸಿದ್ಧನಿದ್ದರೂ ಒಡೆಯಬೇಕಾದದ್ದು ಇನ್ನೊಬ್ಬರ ನೆಲ.

ನೆಲಮಹಡಿಯಾದರೆ ಬೀದಿಯ ಕಿರಾಣಿ ಅಂಗಡಿಯವನನ್ನು ಕೇಳಿ: ಜೋರು ಮಳೆಗೆ ನೀರು ಎಲ್ಲಿಯವರೆಗೆ ಬರುತ್ತದೆ? ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಸಯನ್, ಕುರ್ಲಾ, ಅಂಧೇರಿ ಸಬ್‌ವೇ, ನಾಲಾಸೋಪಾರಾಗಳ ತಗ್ಗು ಜಾಗಗಳಲ್ಲಿ ಇದು ಪ್ರತಿ ವರ್ಷದ ಮಾತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ನೀರು ಎಲ್ಲಿಗೆ ಮುಟ್ಟಿತ್ತು ಎಂಬುದನ್ನು ಹಳಬರು ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ನೀರಿನ ವಿಷಯದಲ್ಲಿ ‘24 ಗಂಟೆ ನೀರು’ ಎಂದರೆ ಟ್ಯಾಂಕಿನ ನೀರು ಎಂದೇ ಅರ್ಥ. ಪಾಲಿಕೆಯ ನೀರು ಬರುವುದು ಪ್ರತಿ ಪ್ರದೇಶಕ್ಕೂ ಗೊತ್ತಾದ ಕೆಲವು ಗಂಟೆ. ನಗರಕ್ಕೆ ನೀರುಣಿಸುವ ಏಳು ಕೆರೆ ಜಲಾಶಯಗಳು ಮೇ ಜೂನ್‌ನಲ್ಲಿ ತಗ್ಗಿದಾಗ ಅದರಲ್ಲೂ ಕಡಿತ. ವಾಚ್‌ಮನ್‌ನನ್ನು ಎರಡು ಪ್ರಶ್ನೆ ಕೇಳಿ: ನೀರು ಎಷ್ಟು ಹೊತ್ತಿಗೆ ಬರುತ್ತದೆ, ಕಳೆದ ಮೇಯಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ಬಂತು? ಮನೆಯೊಳಗೆ ಅಡುಗೆಮನೆ, ಬಾತ್‌ರೂಮಿನ ನಲ್ಲಿಗಳನ್ನು ಒಟ್ಟಿಗೆ ತೆರೆದು ಧಾರೆ ಸಣ್ಣದಾಗುತ್ತದೆಯೇ ನೋಡಿ. ಕೊನೆಯ ಮಹಡಿಯಲ್ಲಿ ಟ್ಯಾಂಕಿನ ಎತ್ತರ ಕಡಿಮೆಯಾದ್ದರಿಂದ ಒತ್ತಡವೂ ಕಡಿಮೆ, ಗೀಸರ್ ಸರಿಯಾಗಿ ಕೆಲಸ ಮಾಡದಿರುವುದು ಅದಕ್ಕೇ. ಪೈಪ್ ಗ್ಯಾಸ್ ಇದೆಯೇ ಎಂದೂ ಕೇಳಿಕೊಳ್ಳಿ. ಇದ್ದರೆ ಸಿಲಿಂಡರ್ ವರ್ಗಾವಣೆಯ ತಲೆನೋವು ತಪ್ಪುತ್ತದೆ.

ಬಾಡಿಗೆ ಮಾತು ಮುಗಿಸುವ ಮೊದಲು ಇನ್ನೊಮ್ಮೆ, ಬೆಳಿಗ್ಗೆ ಎಂಟಕ್ಕೆ ಆ ಮನೆಯಿಂದ ಸ್ಟೇಷನ್‌ಗೆ ಹೋಗಿ ನೋಡಿ. ‘ಸ್ಟೇಷನ್‌ಗೆ ಐದು ನಿಮಿಷ’ ಎಂಬುದು ಭಾನುವಾರ ಮಧ್ಯಾಹ್ನದ ಬೈಕಿನ ಲೆಕ್ಕ.

ಕಾಗದ

ಮಹಾರಾಷ್ಟ್ರದಲ್ಲಿ ನೀವು ಮಾಡುವುದು ಲೀವ್ ಅಂಡ್ ಲೈಸೆನ್ಸ್ ಒಪ್ಪಂದ, ಅಂದರೆ ಗೊತ್ತಾದ ಅವಧಿಗೆ ಮನೆಯಲ್ಲಿರಲು ಅನುಮತಿಯ ಪತ್ರ. 11 ತಿಂಗಳದ್ದಾದರೂ ನೋಂದಣಿ ಕಡ್ಡಾಯ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೇ ಕಲಂ ಆ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದೆ. ತಪ್ಪಿದರೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕರ್ನಾಟಕದಿಂದ ಬಂದವರು ಸ್ಟಾಂಪ್ ಪೇಪರ್, ನೋಟರಿ ಸಾಕೆಂದುಕೊಳ್ಳುತ್ತಾರೆ, ಇಲ್ಲಿ ಸಾಲದು.

ಖರ್ಚು ಹೆದರುವಷ್ಟಿಲ್ಲ. ಅವಧಿಯ ಒಟ್ಟು ಬಾಡಿಗೆಗೆ, ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರಂತೆ ಬಡ್ಡಿ ಲೆಕ್ಕ ಹಾಕಿ ಸೇರಿಸಬೇಕು. ಅದರ ಶೇ. 0.25 ಸ್ಟಾಂಪ್ ಶುಲ್ಕ. ಮೇಲಿನ ಮುಲುಂಡ್ ಮನೆಗೆ 3,52,000 ಮತ್ತು 13,750 ಸೇರಿ 3,65,750, ಅದಕ್ಕೆ ಶುಲ್ಕ 914 ರೂಪಾಯಿಯ ಆಸುಪಾಸು. ನಗರಪಾಲಿಕೆ ಪ್ರದೇಶದಲ್ಲಿ ನೋಂದಣಿ ಶುಲ್ಕ 1,000. ಆನ್‌ಲೈನ್ ನೋಂದಣಿಗೆ ಎರಡೂ ಕಡೆಯವರ ಆಧಾರ್, ಬೆರಳಚ್ಚು, ಫೋಟೊ, ಇಬ್ಬರು ಸಾಕ್ಷಿಗಳು ಬೇಕು. ಏಜೆಂಟ್ ಯಂತ್ರ ಹಿಡಿದು ಮನೆಗೇ ಬರುತ್ತಾನೆ, ಅವನ ಕೂಲಿ ಬೇರೆ. ಒಟ್ಟು ಖರ್ಚನ್ನು ಇಬ್ಬರೂ ಅರ್ಧರ್ಧ ಹಂಚಿಕೊಳ್ಳುವುದು ವಾಡಿಕೆ. ‘ಅಗ್ರಿಮೆಂಟ್ ಖರ್ಚು ಎಂಟು ಸಾವಿರ’ ಎಂದು ಬ್ರೋಕರ್ ಹೇಳಿದರೆ ಯಾವುದಕ್ಕೆ ಎಷ್ಟೆಂದು ಬಿಡಿಸಿ ಬರೆಸಿಕೊಳ್ಳಿ.

11 ತಿಂಗಳಿಗಿಂತ 24 ಅಥವಾ 36 ತಿಂಗಳ ಒಪ್ಪಂದ ಕುಟುಂಬಗಳಿಗೆ ಲಾಭ. ಶುಲ್ಕದ ದರ 60 ತಿಂಗಳವರೆಗೆ ಅದೇ, ವರ್ಷದ ಏರಿಕೆ ಶೇ. 5 ಎಂದೋ 7 ಎಂದೋ ಮೊದಲೇ ಗೊತ್ತಾಗುತ್ತದೆ, ಮರುವರ್ಷ ಬ್ರೋಕರ್ ನವೀಕರಣಕ್ಕೆಂದು ಕೈಚಾಚುವುದೂ ತಪ್ಪುತ್ತದೆ. ಕೆಲಸ ಬದಲಾಗುವ ಸಾಧ್ಯತೆಯಿರುವ ಒಂಟಿಗರಿಗೆ 11 ತಿಂಗಳೇ ಸಾಕು. ಯಾವುದೇ ಆಗಲಿ, ಲಾಕ್‌ಇನ್ (ಒಪ್ಪಂದ ಮುರಿಯಬಾರದ) ಅವಧಿ ಎರಡೂ ಕಡೆಗೆ ಅನ್ವಯಿಸಬೇಕು. ಹಲವು ಕರಡುಗಳಲ್ಲಿ ಅದು ಬಾಡಿಗೆದಾರನಿಗೆ ಮಾತ್ರ ಇರುತ್ತದೆ, ಮಾಲೀಕ ಮಾತ್ರ ಒಂದು ತಿಂಗಳ ನೋಟಿಸಿಗೆ ಹೊರಹಾಕಬಹುದು. ಡಿಪಾಸಿಟ್ ಯಾವ ದಿನ ವಾಪಸು, ಬಣ್ಣಕ್ಕೆಂದು ಎಷ್ಟು ಕಡಿಯಬಹುದು, ಸೋರಿಕೆ ದುರಸ್ತಿ ಯಾರ ಖರ್ಚು, ಇವು ಅಕ್ಷರದಲ್ಲಿರಲಿ. ಅವಧಿ ಮುಗಿದ ಮೇಲೂ ಮನೆ ಬಿಡದಿದ್ದರೆ ಬಾಡಿಗೆಯ ಇಮ್ಮಡಿ ದರದಲ್ಲಿ ಪರಿಹಾರ ಕೊಡಬೇಕೆಂದು ಅದೇ ಕಾಯಿದೆಯ 24ನೇ ಕಲಂ ಹೇಳುತ್ತದೆ. ನವೀಕರಣದ ಮಾತನ್ನು ಎರಡು ತಿಂಗಳು ಮೊದಲೇ ಎತ್ತಿ.

ಸಂಬಳದಲ್ಲಿ ಎಚ್‌ಆರ್‌ಎ (ಮನೆಬಾಡಿಗೆ ಭತ್ಯೆ) ತೆರಿಗೆ ರಿಯಾಯಿತಿ ಪಡೆಯುವವರಾದರೆ, ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕನ ಪ್ಯಾನ್ ಬೇಕು. ಪ್ಯಾನ್ ಕೊಡಲು ಹಿಂಜರಿಯುವವನ ಮನೆಗೆ ಮುಂಗಡ ಕೊಡಬೇಡಿ. ಬಾಡಿಗೆ ತಿಂಗಳಿಗೆ 50,000 ಮೀರಿದರೆ ಶೇ. 2 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಕಡಿದು ಕಟ್ಟುವುದು ನಿಮ್ಮ ಜವಾಬ್ದಾರಿ. ಮಾಲೀಕ ವಿದೇಶದಲ್ಲಿರುವವನಾದರೆ ನಿಯಮವೇ ಬೇರೆ, ದರವೂ ಬಹಳ ಹೆಚ್ಚು. ಸಹಿ ಮಾಡುವ ಮೊದಲು ಸಿಎ ಒಬ್ಬರನ್ನು ಕೇಳಿ.

ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಡುವುದು ಮಾಲೀಕನ ಕೆಲಸ, ಆನ್‌ಲೈನಿನಲ್ಲಿ ಆಗುತ್ತದೆ. ಅದರ ಪ್ರತಿಯನ್ನೂ ನೋಂದಾಯಿತ ಒಪ್ಪಂದದ ಪ್ರತಿಯನ್ನೂ ಸೊಸೈಟಿಗೆ ಕೊಟ್ಟ ಮೇಲೆಯೇ ವಾಚ್‌ಮನ್ ಸಾಮಾನಿನ ಟೆಂಪೊ ಒಳಗೆ ಬಿಡುವುದು. ಟೆಂಪೊ ಗೊತ್ತುಮಾಡುವ ಮೊದಲು ಭಾನುವಾರ ಸಾಮಾನು ಸಾಗಿಸಲು ಸೊಸೈಟಿ ಬಿಡುತ್ತದೆಯೇ, ಯಾವ ಹೊತ್ತಿನಲ್ಲಿ ಲಿಫ್ಟ್ ಸಿಗುತ್ತದೆ ಎಂದು ಕೇಳಿಕೊಳ್ಳಿ. ಬೀಗದ ಕೈ ತೆಗೆದುಕೊಳ್ಳುವ ದಿನ ವಿದ್ಯುತ್ ಮೀಟರಿನ ಅಂಕಿ, ಗ್ಯಾಸ್ ಮೀಟರಿನ ಅಂಕಿ, ಪ್ರತಿ ಗೋಡೆ, ಒಡೆದ ಟೈಲ್, ಗೀಸರ್, ಫ್ಯಾನುಗಳ ಫೋಟೊ ತೆಗೆದು ಅಂದೇ ಮಾಲೀಕನಿಗೆ ವಾಟ್ಸಾಪ್ ಮಾಡಿ. ಹಳೆಯ ಬಾಡಿಗೆದಾರ ಬಿಟ್ಟುಹೋದ ವಿದ್ಯುತ್ ಬಾಕಿ ಇದ್ದರೆ ಅದು ಕಟ್ಟಿದ ರಸೀದಿ ಕೈಗೆ ಬಂದ ಮೇಲೆ ಡಿಪಾಸಿಟ್‌ನ ಉಳಿದ ಕಂತು ಕೊಡಿ.